ಹೊಲಿಗೆ ಕೋಣೆಯಲ್ಲಿ ಸಿಕ್ಕ ಫೋಕಸ್

ಹೊಸ ಕ್ಯಾಮೆರಾಗಳನ್ನು ಪರೀಕ್ಷಿಸಿ ಪತ್ರಿಕೆಗೆ ಬರೆಯುವುದು ನನ್ನ ಕೆಲಸ. ಮಂದ ಬೆಳಕಿನಲ್ಲಿ ಫೋಕಸ್ ಎಷ್ಟು ಬೇಗ ಹಿಡಿಯುತ್ತದೆಂದು ನೋಡಲು ಆ ಸಂಜೆ, ತೀರಿಹೋದ ಅಮ್ಮನ ಹೊಲಿಗೆ ಕೋಣೆಯ ಕಿಟಕಿ ಮುಚ್ಚಿದೆ. ಮೆಷಿನ್ನಿಗೆ ಗುರಿಯಿಟ್ಟರೆ ಲೆನ್ಸ್ ಸಣ್ಣಗೆ ಗುಂಯ್‌ಗುಡುತ್ತ ಹಿಂದೆ ಮುಂದೆ ತಡಕಾಡಿತೇ ಹೊರತು ಎಲ್ಲೂ ನಿಲ್ಲಲಿಲ್ಲ.

ಬಾಗಿಲಲ್ಲಿದ್ದ ಅಕ್ಕ ನಕ್ಕಳು. "ಅಮ್ಮನ ಫೋಟೊ ತೆಗೆಯೋವಾಗಲೂ ಹೀಗೇ ಆಗ್ತಿತ್ತಲ್ಲೋ. ಒಂದು ಗಳಿಗೆ ಸುಮ್ಮನೆ ಕೂತವಳಲ್ಲ. ನೆಟ್ಟಗಿರೋ ಒಂದು ಫೋಟೊನೂ ನಮಗೆ ಉಳೀಲಿಲ್ಲ." ಆಮೇಲೆ ಮೆಷಿನ್ನಿನ ಹಿಂದಿನ ಖಾಲಿ ಕುರ್ಚಿಯತ್ತ ತಿರುಗಿ, ಹಳೆಯ ರೂಢಿಯಂತೆ ಗದರಿದಳು: "ಅಮ್ಮಾ, ಅಲ್ಲಾಡ್ಬೇಡ! ಒಂದೇ ಒಂದು!"

ಲೆನ್ಸ್ ನಿಂತಿತು. ಫೋಕಸ್ ಸಿಕ್ಕಿತೆಂದು ಕ್ಯಾಮೆರಾ ಪೀಪ್ ಎಂದಿತು. ಗುಂಡಿ ಒತ್ತಿದೆ.

ಚಿತ್ರದಲ್ಲಿ ಮೆಷಿನ್, ಗೋಡೆ ಎರಡೂ ಮಸುಕು. ನಡುವೆ, ಕುರ್ಚಿಯ ಮೇಲಿನ ಗಾಳಿಯಲ್ಲಿ, ಕುಳಿತವರ ಕಣ್ಣಿನ ಎತ್ತರಕ್ಕೆ ಒಂದು ದಾರ ಮಾತ್ರ ಎಳೆ ಎಳೆಯಾಗಿ ಸ್ಪಷ್ಟ. ದೀಪ ಹಾಕಿ ಹುಡುಕಿದೆವು. ಅಮ್ಮನ ದಾರಗಳನ್ನೆಲ್ಲ ಅಕ್ಕ ಎಂದೋ ಒಯ್ದಿದ್ದಳು. ಕೋಣೆಯಲ್ಲಿ ಒಂದೆಳೆಯೂ ಇರಲಿಲ್ಲ.

ಅಕ್ಕ ಚಿತ್ರವನ್ನು ದೊಡ್ಡದು ಮಾಡಿದಳು. ಸೂಜಿಗೆ ಪೋಣಿಸುವ ಮುನ್ನ ಅಮ್ಮ ತುಟಿಯಲ್ಲಿ ಹಿಡಿದು ತೆಗೆದಾಗ ಇರುತ್ತಿದ್ದಂತೆಯೇ, ದಾರದ ತುದಿ ಒದ್ದೆಯಾಗಿ ಹೊಳೆಯುತ್ತಿತ್ತು.