ಕಿಟ್‌ಬೊಕ್ ಕೊಟ್ಟ ಹಸಿರು ಡಬ್ಬಿ

ಷಿಲ್ಲಾಂಗಿನಲ್ಲಿ ಬೇಸ್ ಗಿಟಾರಿನವರು ನಾಲ್ಕು ಜನ ಸೇರಿದರೆ ಮಾತು ಅವರವರ ಮೊದಲ ಪೆಡಲಿಗೇ ಹೋಗುತ್ತದೆ.

"ಬಾಹ್ ಲಾಮ್, ನಿಮ್ದು ಯಾವ್ದು ಮೊದಲ್ನೇದು? ಯಾಕೆ ಮುಚ್ಚಿಡ್ತೀರಾ?" ಎಂದು ಕಿರಿಯರು ನನ್ನನ್ನು ಕೆಣಕುತ್ತಾರೆ; ಬಾಹ್ ಎಂದರೆ ನಮ್ಮಲ್ಲಿ ಅಣ್ಣ.

ನನ್ನದು ಅಣ್ಣ ಕಿಟ್‌ಬೊಕ್ ಕೊಟ್ಟದ್ದು. ಕಾಲಲ್ಲಿ ಒತ್ತಿದರೆ ತಂತಿಯ ದನಿಯನ್ನು ಗುರುಗುಟ್ಟಿಸುವ ಹಸಿರು ಡಬ್ಬಿ. ವೈರು ಸಿಕ್ಕಿಸಿಯೇ ಬಿಟ್ಟರೆ ಬೆಳಗಾಗುವುದರೊಳಗೆ ಅದರ ಬ್ಯಾಟರಿ ಸಾಯುತ್ತಿತ್ತು. ನಾನು ದಿನವೂ ಮರೆಯುತ್ತಿದ್ದೆ.

"ಲೋ ಮಂಕೇ, ಅದನ್ನ ಕೀಳೋಕೂ ನಾನೇ ಬರ್ಬೇಕೇನೋ?" ಎಂದು ಅಣ್ಣ ಎಲೆಯಡಿಕೆ ಜಗಿಯುತ್ತಲೇ ಬೈಯುತ್ತಿದ್ದ.

ಡಿಸೆಂಬರಿನಲ್ಲಿ ಅವನನ್ನು ಮಣ್ಣು ಮಾಡಿ ಬಂದೆವು. ಮಾರನೆಯ ಬೆಳಿಗ್ಗೆ ನೋಡಿದರೆ ಯಾರೋ ವೈರು ಕಿತ್ತು, ಅವನು ಸುತ್ತುತ್ತಿದ್ದ ಹಾಗೇ ಎಡಕ್ಕೆ ಸುರುಳಿ ಸುತ್ತಿಟ್ಟಿದ್ದರು. ತುದಿಯಲ್ಲಿ ಹಸಿ ಸುಣ್ಣ. ಕೊರೆಯುವ ಚಳಿಯಲ್ಲೂ ಡಬ್ಬಿ ಮಾತ್ರ ಆಗಷ್ಟೇ ಯಾರೋ ಕಾಲು ತೆಗೆದ ಹಾಗೆ ಬೆಚ್ಚಗಿತ್ತು.

ಆಮೇಲೆ ನಾನು ಬೇಕೆಂದೇ ಮರೆಯತೊಡಗಿದೆ. ಮತ್ತೆ ಡಿಸೆಂಬರ್ ಬಂತು. ಒಂದು ಬೆಳಿಗ್ಗೆಯೂ ಆ ಸುರುಳಿ ತಪ್ಪಲಿಲ್ಲ.

ಒಂದು ದಿನ ಅಮ್ಮ ವೈರಿನ ಸುಣ್ಣ ಒರೆಸುತ್ತ, "ಇನ್ನೆಷ್ಟು ದಿನ ಅವನ ಕೈಲಿ ಕೆಲ್ಸ ಮಾಡಿಸ್ತೀಯಪ್ಪಾ? ಮಲಗ್ಲಿ ಬಿಡೋ" ಎಂದಳು.

ಅಂದು ಮೊದಲ ಸಲ ನಾನೇ ವೈರು ಕಿತ್ತು, ಸುರುಳಿ ಸುತ್ತಿಟ್ಟು ಮಲಗಿದೆ.

ಬೆಳಿಗ್ಗೆ ವೈರು ಮತ್ತೆ ಡಬ್ಬಿಗೇ ಸಿಕ್ಕಿಕೊಂಡಿತ್ತು, ತುದಿಯಲ್ಲಿ ಹಸಿ ಸುಣ್ಣ. ಬ್ಯಾಟರಿ ಸತ್ತಿತ್ತು.