ಕಾಗೆ ಕಾಲಿನ ಗುಂಡಿ

“ಕೈಗೆ ಏನಾಯ್ತೇ?”

ಸ್ಕೂಲ್ ವ್ಯಾನ್ ಹತ್ತಿದ ಮೇಲೆ ಈ ಪ್ರಶ್ನೆ ಬಂದಿದ್ದು ಇದು ಆರನೇ ಸಲ. ರೇಡಿಯೋ ತನ್ನ ಎಡಗೈಗೆ ಕರ್ಚೀಫು ಸುತ್ತಿ, ಗಂಟು ಹಾಕಿ, ಸ್ಕರ್ಟಿನ ಜೇಬಿನೊಳಗೆ ತುರುಕಿಕೊಂಡಿದ್ದಳು.

“ಏನೂ ಆಗಿಲ್ಲ.”

“ಮತ್ತೆ ಯಾಕೆ ಕಟ್ಕೊಂಡಿದೀಯ? ಬಿದ್ಯಾ? ನಾಯಿ ಕಚ್ತಾ?”

“ಹೇಳೋ ಹಾಗಿಲ್ಲ.”

ವ್ಯಾನಿನಲ್ಲಿದ್ದವರೆಲ್ಲ ಬಾಯಿ ಬಿಟ್ಟುಕೊಂಡು ನೋಡಿದರು. ರೇಡಿಯೋ ಬಾಯಲ್ಲಿ ‘ಹೇಳೋ ಹಾಗಿಲ್ಲ’ ಅನ್ನುವ ಮಾತೇ!

ಅವಳಿಗೆ ಆ ಹೆಸರಿಟ್ಟವರು ಅವಳ ತಾತ. ಬೆಳಗ್ಗೆ ಕಣ್ಣು ಬಿಡುವಾಗ ಆನ್ ಆದರೆ, ನಿದ್ದೆ ಬಂದ ಮೇಲೇ ಆಫ್. ಯಾವ ಗುಟ್ಟೂ ಅವಳ ಹೊಟ್ಟೆಯಲ್ಲಿ ಹತ್ತು ನಿಮಿಷ ನಿಂತದ್ದಿಲ್ಲ. ಮನೆಯಲ್ಲಿ ಏನಾದರೂ ಗುಟ್ಟು ಮಾತಾಡಬೇಕಾದರೆ ಮೊದಲು ಅವಳನ್ನು ಯಾವುದೋ ನೆಪ ಹೇಳಿ ಅಂಗಡಿಗೆ ಕಳಿಸುತ್ತಿದ್ದರು.

ವ್ಯಾನ್ ಅಂಕಲ್ ಕನ್ನಡಿಯಲ್ಲಿ ಅವಳ ಜೇಬನ್ನೊಮ್ಮೆ ನೋಡಿ, ನಗು ತಡೆದುಕೊಂಡು ಗೇರ್ ಬದಲಿಸಿದರು. ವಾರವಿಡೀ ವ್ಯಾನ್ ಓಡಿಸುವ ಅಂಕಲ್ ಭಾನುವಾರ ಚರ್ಚಿನಲ್ಲಿ ಮಕ್ಕಳಿಗೆ ಸಂಡೇ ಕ್ಲಾಸ್ ತೆಗೆದುಕೊಳ್ಳುತ್ತಿದ್ದರು. ಈ ಕರ್ಚೀಫಿಗೆ ಮೂಲ ಅವರೇ.

ಹೋದ ಭಾನುವಾರ ಅವರು ಹೇಳಿದ್ದರು: “ಈ ವಾರ ಒಂದು ಹೋಂವರ್ಕ್. ಒಂದು ಒಳ್ಳೇ ಕೆಲಸ ಮಾಡ್ಬೇಕು. ಆದ್ರೆ ಯಾರಿಗೂ ಗೊತ್ತಾಗ್ಬಾರ್ದು. ಬಲಗೈ ಏನು ಕೊಡ್ತು ಅಂತ ಎಡಗೈಗೂ ತಿಳೀಬಾರ್ದು ಅಂದಿದಾರೆ ಯೇಸುಸ್ವಾಮಿ. ಇನ್ನೊಂದು ಮಾತು. ಫ್ರೆಂಡ್‌ಗೆ ಮಾಡಿದ್ರೆ ಲೆಕ್ಕಕ್ಕಿಲ್ಲ, ಅದನ್ನ ಯಾರು ಬೇಕಾದ್ರೂ ಮಾಡ್ತಾರೆ. ಯಾರನ್ನ ಕಂಡ್ರೆ ಆಗಲ್ವೋ, ಅವ್ರಿಗೆ ಮಾಡಿ.”

“ಯಾರಿಗೂ ಹೇಳ್ದೇ ಇದ್ರೆ ನಿಮ್ಗೆ ಹೇಗೆ ಗೊತ್ತಾಗುತ್ತೆ ಅಂಕಲ್?” ಎಂದು ರೇಡಿಯೋ ಕೇಳಿದ್ದಳು.

“ನನಗ್ಯಾಕೆ ಗೊತ್ತಾಗ್ಬೇಕು? ನೋಡೋನು ಮೇಲಿಂದ ನೋಡ್ತಾನೆ, ಬಿಡು.”

ಸೋಮವಾರ ರೇಡಿಯೋ ಪಕ್ಕದ ಮನೆಯ ಸಿಡುಕು ಅಜ್ಜಿಯ ಗಿಡಗಳಿಗೆ ಕದ್ದು ನೀರು ಹಾಕಿದಳು. ಸಂಜೆಯೊಳಗೆ ಬೀದಿಗೆಲ್ಲ ಡಂಗುರ ಸಾರಿಯಾಗಿತ್ತು. ಸಾರಿದವಳೂ ಅವಳೇ. ಬುಧವಾರ ಬೇರೆ ಏನೋ ಮಾಡಿದಳು. ಅದನ್ನು ತಾತನ ಕಿವಿಯಲ್ಲಿ ಮಾತ್ರ ಹೇಳಿದಳು. ತಾತನಿಗೆ ಕಿವಿ ಮಂದ ಅಲ್ಲ, ಕಣ್ಣು ಮಂದ. ಆದರೂ ಅವಳು ಪಿಸುಗುಟ್ಟಿದ್ದು ಮೂರನೇ ಮನೆಗೂ ಕೇಳಿಸಿತು.

ಈವತ್ತು ಶುಕ್ರವಾರ. ಇನ್ನು ಉಳಿದಿರುವುದು ಎರಡೇ ದಿನ. ಅದಕ್ಕೇ ಈ ಕರ್ಚೀಫು. ಎಡಗೈಗೆ ಗೊತ್ತಾಗುವುದರಿಂದಲೇ ತಾನೇ ಬಾಯಿಗೆ ಸುದ್ದಿ ಹೋಗುವುದು? ಕೈಯನ್ನೇ ಕಟ್ಟಿಬಿಟ್ಟರೆ? ಎಂಥ ಐಡಿಯಾ ನೋಡಿ!

* * *

ಅವತ್ತೇ ಸಂಜೆ ನಾಲ್ಕು ಗಂಟೆಗೆ ಸ್ಕೂಲ್ ಡೇ. ಹಾಡುವ ಇಪ್ಪತ್ತು ಹುಡುಗಿಯರಿಗೆ ಬಿಳಿ ಫ್ರಾಕು, ಎದೆಯ ಮೇಲೆ ನಾಲ್ಕು ದೊಡ್ಡ ನೀಲಿ ಗುಂಡಿ. ಎಲ್ಲವನ್ನೂ ಹೊಲಿದವಳು ರೇಡಿಯೋಳ ಅಮ್ಮ. ಅಮ್ಮನದು ಊರಿನ ಆ ತುದಿಯಲ್ಲಿ ಪುಟ್ಟ ಟೇಲರ್ ಅಂಗಡಿ. ಅಮ್ಮ ಗುಂಡಿ ಹಾಕಿದರೆ ನಾಲ್ಕು ತೂತಿನ ಮೇಲೆ ಎರಡು ಗೆರೆ, ರೂಲರ್ ಇಟ್ಟು ಎಳೆದಂತೆ ನೇರ. ರೇಡಿಯೋ ಹಾಕಿದರೆ ಒಂದು ತೂತಿನಿಂದ ಉಳಿದ ಮೂರು ತೂತಿಗೂ ದಾರ ಹೋಗುತ್ತಿತ್ತು.

“ಇದೇನೇ ಇದು, ಕಾಗೆ ಕಾಲು?” ಎಂದು ಅಮ್ಮ ಪ್ರತಿ ಸಲವೂ ನಗುತ್ತಿದ್ದಳು. “ಲೋಕದಲ್ಲಿ ಯಾರೂ ಹೀಗೆ ಹಾಕಲ್ಲ ಕಣೇ.”

“ಗಟ್ಟಿಯಾಗಿದ್ರೆ ಸಾಕಲ್ಲಮ್ಮ” ಎನ್ನುತ್ತಿದ್ದಳು ರೇಡಿಯೋ. ಗಟ್ಟಿಯೇನೋ ಇರುತ್ತಿತ್ತು.

ಸತತ ಮೂರು ವರ್ಷ ಕಾಲ ಹಿಂದಿನ ಸಾಲಿನಲ್ಲಿ ನಿಂತು ಹಾಡಿದ ಮೇಲೆ ಈ ಸಲ ಅವಳಿಗೆ ಮುಂದಿನ ಸಾಲು ಸಿಕ್ಕಿತ್ತು. ಬಲಗಡೆಯ ಕೊನೆ. “ತಾತಾ, ನೀವು ಎಲ್ಲೂ ಹುಡುಕ್ಬೇಡಿ. ಬಲಗಡೆ ಕೊನೇದು ನಾನೇ” ಎಂದು ಹತ್ತು ಸಲ ಹೇಳಿದ್ದಳು. ತಾತ ಮೊದಲನೇ ಬೆಂಚಿನಲ್ಲೇ ಕೂರುತ್ತೇನೆಂದು ಮಾತು ಕೊಟ್ಟಿದ್ದರು.

ಬೆಳಗ್ಗೆ ಮ್ಯೂಸಿಕ್ ಮಿಸ್ ಎಲ್ಲರ ಫ್ರಾಕುಗಳನ್ನೂ ಮ್ಯೂಸಿಕ್ ರೂಮಿನಲ್ಲಿ ಹ್ಯಾಂಗರಿಗೆ ಹಾಕಿಸಿ ತಪಾಸಣೆ ಮಾಡಿದರು. “ನೋಡಿ, ಮುಂದಿನ ಸಾಲು ಅಂದ್ರೆ ಎಲ್ಲಾ ನೀಟಾಗಿರ್ಬೇಕು. ಶೂ, ರಿಬ್ಬನ್, ಬಟನ್. ಒಂದು ಕಮ್ಮಿ ಇದ್ರೂ ಸೀದಾ ಹಿಂದಿನ ಸಾಲು. ಯಾರೇ ಆಗ್ಲಿ!”

ಆಮೇಲೆ ಒಂದು ಫ್ರಾಕಿನ ಮುಂದೆ ನಿಂತರು. “ಇದ್ಯಾರದು? ಕೊನೇ ಬಟನ್ ಎಲ್ಲಿ?”

ಫ್ರಾಕು ಲೀಡರಿನದಾಗಿತ್ತು.

ಲೀಡರ್ ಅಂದರೆ ಕ್ಲಾಸ್ ಲೀಡರ್. ಟೀಚರ್ ಇಲ್ಲದಾಗ ಬೋರ್ಡಿನ ಮೇಲೆ ‘ಮಾತಾಡಿದವರು’ ಎಂದು ಬರೆದು ಕೆಳಗೆ ಹೆಸರು ಹಾಕುವುದು ಅವಳ ಕೆಲಸ. ಮೊದಲನೇ ಹೆಸರು ಯಾವಾಗಲೂ ರೇಡಿಯೋದು. ರೇಡಿಯೋ ಜ್ವರ ಬಂದು ಮನೆಯಲ್ಲಿ ಮಲಗಿದ್ದ ದಿನವೂ ಬರೆದಿದ್ದಳು ಮಹಾರಾಯ್ತಿ! ಅವಳನ್ನು ಕಂಡರೆ ರೇಡಿಯೋಗೆ ಎಳ್ಳಷ್ಟೂ ಆಗುತ್ತಿರಲಿಲ್ಲ.

ಲೀಡರಿಗೆ ಒಂದು ಅಭ್ಯಾಸ. ಹೆದರಿಕೆಯಾದರೆ ಕೊನೆಯ ಗುಂಡಿಯನ್ನು ಹಿಡಿದು ತಿರುಗಿಸುತ್ತಾಳೆ. ನಿನ್ನೆ ಫ್ರಾಕು ಹಾಕಿಕೊಂಡು ಮೈದಾನದಲ್ಲಿ ಮಾಡಿದ ಪ್ರಾಕ್ಟೀಸಿನಲ್ಲಿ ತಿರುಗಿಸಿ ತಿರುಗಿಸಿ ಗುಂಡಿ ಎಲ್ಲೋ ಉದುರಿಹೋಗಿತ್ತು. ಹಾಡಿನ ಮೊದಲ ಎರಡು ಸಾಲು ಮೈಕಿನ ಮುಂದೆ ನಿಂತು ಅವಳೊಬ್ಬಳೇ ಹಾಡಬೇಕು.

“ಮೂರು ಗಂಟೆ ಒಳಗೆ ಬಟನ್ ಇರ್ಬೇಕು” ಎಂದರು ಮಿಸ್. “ಇಲ್ಲಾಂದ್ರೆ ಮೈಕ್ ಬೇರೆಯವರಿಗೆ.”

ರೇಡಿಯೋ ಮನಸ್ಸಿನೊಳಗೇ ಒಂದು ಚಪ್ಪಾಳೆ ಹೊಡೆದಳು. ಸುಳ್ಳು ಯಾಕೆ ಹೇಳಬೇಕು, ಹೊಡೆದೇ ಹೊಡೆದಳು.

* * *

ಊಟದ ಬಿಡುವಿನಲ್ಲಿ ಕೈ ತೊಳೆಯಲು ಹೋದಾಗ ನಲ್ಲಿಯ ಹಿಂದಿನಿಂದ ಮೂಗು ಸುರ್ ಸುರ್ ಎನ್ನುವ ಸದ್ದು ಕೇಳಿಸಿತು. ಲೀಡರ್ ಗೋಡೆಯ ಕಡೆ ಮುಖ ಮಾಡಿ ಅಳುತ್ತಿದ್ದಳು. ಮಂಡಿಯೆಲ್ಲ ಮಣ್ಣು. ಆಟದ ಮೈದಾನವನ್ನೆಲ್ಲ ಮಂಡಿಯೂರಿ ಹುಡುಕಿ ಬಂದಿದ್ದಳು.

“ಸಿಗ್ಲಿಲ್ವಾ?”

“ಇಲ್ಲ.” ಲೀಡರ್ ತಿರುಗಲಿಲ್ಲ. “ನಮ್ಮಪ್ಪ ಯಾವತ್ತೂ ಬಂದಿಲ್ಲ, ಅವ್ರಿಗೆ ರಜಾನೇ ಸಿಗಲ್ಲ. ಇವತ್ತು ಬರ್ತಿದಾರೆ. ನಾನೇ ಮೊದ್ಲು ಹಾಡೋದು ಅಂತ ಹೇಳ್ಬಿಟ್ಟಿದೀನಿ.”

ರೇಡಿಯೋ ಬಲಗೈ ತೊಳೆದುಕೊಂಡು ಅಲ್ಲಿಂದ ಬಂದಳು. ಕಾಲು ತಾನಾಗಿಯೇ ಮ್ಯೂಸಿಕ್ ರೂಮಿನ ಕಡೆ ನಡೆಯಿತು.

ಅಲ್ಲಿ ಯಾರೂ ಇರಲಿಲ್ಲ. ಫ್ರಾಕುಗಳು ಸಾಲಾಗಿ ತೂಗುತ್ತಿದ್ದವು. ಅಮ್ಮನ ಅಂಗಡಿಯ ಡಬ್ಬಿಯಲ್ಲಿ ಇಂಥ ನೀಲಿ ಗುಂಡಿ ಇನ್ನೂ ಒಂದು ಮುಷ್ಟಿ ಇದ್ದವು. ಆದರೆ ಅಮ್ಮ ಬರುವುದು ನಾಲ್ಕು ಗಂಟೆಗೆ. ಈಗ ಸ್ಕೂಲಿನಲ್ಲಿ ಇದ್ದದ್ದು ಎಪ್ಪತ್ತೊಂಬತ್ತು ಗುಂಡಿ. ಅದರಲ್ಲಿ ನಾಲ್ಕು ಮಾತ್ರ ಅವಳವು.

“ಯೇಸುವೇ, ಬೇರೆ ದಾರಿ ಏನಾದ್ರೂ ಇದ್ರೆ ಈಗ್ಲೇ ಹೇಳ್ಬಿಡು” ಎಂದು ಪಿಸುಗುಟ್ಟಿ, ಹತ್ತು ಎಣಿಸುವವರೆಗೆ ಕಾದಳು. ಹೊರಗೆ ಮಕ್ಕಳ ಗಲಾಟೆ ಬಿಟ್ಟರೆ ಏನೂ ಕೇಳಿಸಲಿಲ್ಲ.

ಟೇಲರ್ ಮಗಳ ಬ್ಯಾಗಿನಲ್ಲಿ ಪೆನ್ಸಿಲ್ ಇಲ್ಲದಿದ್ದರೂ ಸೂಜಿ, ದಾರ, ಪುಟ್ಟ ಕತ್ತರಿ ಇದ್ದೇ ಇರುತ್ತದೆ. ತನ್ನ ಫ್ರಾಕಿನ ಕೊನೆಯ ಗುಂಡಿಯನ್ನು ಕಚಕ್ಕೆಂದು ಕತ್ತರಿಸಿದಳು. ಆಮೇಲೆ ಶುರುವಾಯಿತು ನೋಡಿ ಫಜೀತಿ! ಒಂದೇ ಕೈಯಲ್ಲಿ ಸೂಜಿಗೆ ದಾರ ಪೋಣಿಸುವುದು ಹೇಗೆ? ಸೂಜಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದಳು. ದಾರ ಮೂಗಿಗೆ ಹೋಯಿತು. ಮಂಡಿಗಳ ನಡುವೆ ಇಟ್ಟಳು. ಸೂಜಿ ಕೆಳಗೆ ಬಿತ್ತು.

ಕೊನೆಗೆ ಕರ್ಚೀಫಿನ ಗಂಟು ಬಿಚ್ಚಿದಳು. “ಸಾರಿ ಕಣೇ” ಎಂದಳು ಎಡಗೈಗೆ. “ಹಿಡ್ಕೋ ಅಷ್ಟೇ. ಏನು ಎತ್ತ ಅಂತ ಕೇಳ್ಬೇಡ.”

ಒಂದು ತೂತಿನಿಂದ ಮೂರು ತೂತಿಗೆ, ಮತ್ತೆ ಅದೇ ದಾರಿ. ಎರಡನೇ ಸುತ್ತಿನಲ್ಲಿ ಸೂಜಿ ಎಡಗೈಯ ಬೆರಳಿಗೇ ಚುಚ್ಚಿತು. ಅಯ್ಯೋ, ಎಡಗೈಗೆ ಗೊತ್ತಾಗಿಯೇ ಹೋಯಿತು! ನೋವಿನಲ್ಲೂ ರೇಡಿಯೋಗೆ ನಗು ಉಕ್ಕಿ ಬಂತು. ಬೆರಳು ಚೀಪಿಕೊಂಡು, ದಾರಕ್ಕೆ ಮೂರು ಗಂಟು ಹಾಕಿದಳು. ಗುಂಡಿಯನ್ನು ಎಳೆದು ನೋಡಿದಳು. ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ.

* * *

ಮೂರು ಗಂಟೆಗೆ ಎಲ್ಲರೂ ಫ್ರಾಕು ಹಾಕಿಕೊಂಡು ನಿಂತರು. ಲೀಡರ್ ತನ್ನ ಗುಂಡಿ ನೋಡಿದಳು. ಮತ್ತೆ ನೋಡಿದಳು. ಓಡಿಹೋಗಿ ಮ್ಯೂಸಿಕ್ ಮಿಸ್ಸಿನ ಕೈ ಹಿಡಿದುಕೊಂಡಳು.

“ಥ್ಯಾಂಕ್ಯೂ ಮಿಸ್! ಥ್ಯಾಂಕ್ಯೂ ಥ್ಯಾಂಕ್ಯೂ!”

ಮಿಸ್ ಮೈಕಿನ ವೈರು ಬಿಡಿಸುತ್ತಿದ್ದರು. “ಹ್ಞಾಂ ಹ್ಞಾಂ, ಆಯ್ತು, ಲೈನಲ್ಲಿ ನಿಲ್ಲಮ್ಮಾ.”

ಮಿಸ್ಸಿಗೆ ಥ್ಯಾಂಕ್ಯೂ! ರೇಡಿಯೋಳ ಹೊಟ್ಟೆಯೊಳಗೆ ಮಾತು ಕುದಿಯುವ ಹಾಲಿನಂತೆ ಮೇಲೆ ಬಂತು. ಅವಳು ಎರಡೂ ತುಟಿಯನ್ನು ಒಳಗೆಳೆದು ಕಚ್ಚಿಕೊಂಡಳು.

ಮಿಸ್ ಸಾಲಿನ ಉದ್ದಕ್ಕೂ ನೋಡುತ್ತ ಬಂದು ಬಲಗಡೆಯ ಕೊನೆಯಲ್ಲಿ ನಿಂತರು. “ನಿನ್ನ ಬಟನ್?”

ರೇಡಿಯೋ ಗುಂಡಿಯಿಲ್ಲದ ಜಾಗಕ್ಕೆ ಕೈ ಅಡ್ಡ ಇಟ್ಟಳು.

“ಬೆಳಗ್ಗೆ ಇತ್ತಲ್ಲ! ಟೇಲರ್ ಮಗಳ ಫ್ರಾಕಿಗೇ ಬಟನ್ ಇಲ್ವಾ? ಎಲ್ಲಿ ಹೋಯ್ತು?”

ಎಲ್ಲರೂ ಕಿಸಕ್ಕೆಂದು ನಕ್ಕರು. ಲೀಡರೂ ನಕ್ಕಳು. ಒಂದೇ ಒಂದು ವಾಕ್ಯ ಸಾಕಾಗಿತ್ತು. ಅದು ನಾಲಿಗೆಯ ತುದಿಯಲ್ಲೇ ಇತ್ತು. ರೇಡಿಯೋ ಲೀಡರಿನ ಮುಖ ನೋಡಿದಳು. ಅಳು ನಿಂತ ಕಣ್ಣು ಇನ್ನೂ ಕೆಂಪಗಿತ್ತು.

“ಹೇಳೋಕಾಗಲ್ಲ ಮಿಸ್.”

“ರೂಲ್ ಅಂದ್ರೆ ರೂಲ್. ಹಿಂದೆ ಹೋಗು.”

ಹಿಂದಿನ ಸಾಲಿಗೆ ನಡೆಯುವಾಗ ರೇಡಿಯೋಗೆ ತಾತನ ನೆನಪಾಯಿತು. ಬಲಗಡೆಯ ಕೊನೆಯಲ್ಲಿ ತಾತ ಬೇರೆ ಯಾರನ್ನೋ ನೋಡಿ ಕೈ ಬೀಸುತ್ತಾರೆ ಈಗ.

* * *

ಪರದೆ ಸರಿಯಿತು. ಲೀಡರ್ ಮೈಕಿನ ಮುಂದೆ ನಿಂತಳು. ಪಿಯಾನೋ ಶುರುವಾಯಿತು. ಹಾಡು ಶುರುವಾಗಲಿಲ್ಲ.

ಹಿಂದಿನ ಸಾಲಿನಿಂದ ರೇಡಿಯೋಗೆ ಕಾಣಿಸುತ್ತಿದ್ದದ್ದು ಲೀಡರಿನ ಬೆನ್ನು ಮತ್ತು ಮೊಣಕೈ. ಮೊಣಕೈ ಆಡುತ್ತಿತ್ತು. ಅವಳು ಗುಂಡಿ ತಿರುಗಿಸುತ್ತಿದ್ದಾಳೆ!

“ಯೇಸುವೇ, ಯೇಸುವೇ, ಅದು ಬೀಳದೇ ಇರ್ಲಿ” ಎಂದು ರೇಡಿಯೋ ಕಣ್ಣು ಮುಚ್ಚಿದಳು. “ಮೂರು ಗಂಟು ಹಾಕಿದೀನಿ. ಇನ್ನು ನಿನ್ನ ಕೈಲಿದೆ. ಅವಳು ಹಾಡ್ಲಿ. ಅವಳಪ್ಪ ಬಂದಿದಾರೆ. ಹಾಡ್ಲಿ, ಹಾಡ್ಲಿ.”

ಮಿಸ್ ಪಿಯಾನೋದಲ್ಲಿ ಇನ್ನೊಂದು ಸಲ ಅದೇ ರಾಗ ನುಡಿಸಿದರು. ಮೊಣಕೈ ನಿಂತಿತು. ಲೀಡರಿನ ದನಿ ಮೊದಲು ಸ್ವಲ್ಪ ನಡುಗಿ, ಆಮೇಲೆ ನೇರವಾಗಿ ಎದ್ದು ನಿಂತಿತು. ಎಷ್ಟು ಚೆಂದ ಹಾಡಿದಳು! ರೇಡಿಯೋಗೆ ಖುಷಿಯೋ ಖುಷಿ. ಅವಳ ಮೇಲೆ ತನಗೆ ಕೋಪ ಇತ್ತು ಅನ್ನುವುದೇ ಮರೆತುಹೋಗಿತ್ತು.

ಹಾಡಿನ ಮೂರನೇ ಸಾಲಿಗೆ ಎಲ್ಲರೂ ದನಿ ಸೇರಿಸಬೇಕು. ರೇಡಿಯೋ ಬಾಯಿ ತೆರೆದಳು. ಮಧ್ಯಾಹ್ನದಿಂದ ಕಟ್ಟಿಟ್ಟ ಮಾತೆಲ್ಲ ಹಾಡಾಗಿ ಹೊರಟಿತು. ಪಕ್ಕದ ಹುಡುಗಿ ಕಿವಿ ಮುಚ್ಚಿಕೊಳ್ಳಲು ನೋಡಿದಳು, ಸ್ಟೇಜ್ ಎಂದು ಸುಮ್ಮನಾದಳು.

ಮುಗಿದ ಮೇಲೆ ರೇಡಿಯೋ ತಾತನ ಹತ್ತಿರ ಓಡಿದಳು. “ತಾತಾ, ನಾನು ಅಲ್ಲಿ ನಿಂತಿರ್ಲಿಲ್ಲ. ಕೊನೇಲಿ ಇದ್ದಿದ್ದು ನಾನಲ್ಲ...”

“ಗೊತ್ತು ಬಿಡೇ. ಹಿಂದೆ, ಎಡಗಡೆಯಿಂದ ಮೂರನೆಯೋಳು.”

“ನಿಮಗೆ ಕಾಣಿಸ್ತಾ?”

“ಕಾಣೋದೇನು ಬಂತು?” ಎಂದು ತಾತ ಬೊಚ್ಚು ಬಾಯಿ ಬಿಟ್ಟು ನಕ್ಕರು. “ರೇಡಿಯೋನ ಯಾವ ಮೂಲೇಲಿ ಇಟ್ರೇನು, ಕೇಳಿಸುತ್ತೆ!”

ಅಷ್ಟು ದೂರದಲ್ಲಿ ಲೀಡರಿನ ಅಪ್ಪ ಮಗಳ ಬೆನ್ನು ತಟ್ಟುತ್ತಿದ್ದರು. ಕೆಲಸದ ಯೂನಿಫಾರ್ಮಿನಲ್ಲೇ ಬಂದಿದ್ದರು. ಲೀಡರ್ ನಗುತ್ತಿದ್ದಳು. ರೇಡಿಯೋ ಅದನ್ನು ತುಂಬ ಹೊತ್ತು ನೋಡಿದಳು.

* * *

ಇಪ್ಪತ್ತೂ ಫ್ರಾಕು ಒಗೆಯಲು, ಇಸ್ತ್ರಿ ಮಾಡಲು ಅಮ್ಮನ ಅಂಗಡಿಗೆ ವಾಪಸ್ ಬಂದವು. ಶನಿವಾರ ಬೆಳಗ್ಗೆ ಅಮ್ಮ ಒಂದೊಂದನ್ನೇ ಕೊಡವುತ್ತಿದ್ದಳು. ರೇಡಿಯೋ ಕಿಟಕಿಯ ಹತ್ತಿರ ಕೂತು ಬ್ರೆಡ್ಡಿಗೆ ಜಾಮ್ ಹಚ್ಚುತ್ತಿದ್ದಳು.

ಒಂದು ಫ್ರಾಕು ಹಿಡಿದ ಅಮ್ಮನ ಕೈ ನಿಂತಿತು. ಕೊನೆಯ ಗುಂಡಿಯ ಮೇಲೆ ಹೆಬ್ಬೆರಳು ಆಡಿಸಿದಳು. ಕತ್ತಿನ ಪಟ್ಟಿಯಲ್ಲಿದ್ದ ಚೀಟಿಯ ಹೆಸರು ಓದಿದಳು. ಆಮೇಲೆ ಗುಂಡಿಯಿಲ್ಲದ ಇನ್ನೊಂದು ಫ್ರಾಕು ಎಳೆದು ಪಕ್ಕದಲ್ಲಿಟ್ಟಳು.

“ಅಲ್ವೇ, ಅಂಕಲ್ ಕೊಟ್ಟ ಆ ಹೋಂವರ್ಕ್ ಏನಾಯ್ತು?”

ರೇಡಿಯೋ ದೊಡ್ಡ ತುಂಡು ಬ್ರೆಡ್ಡನ್ನು ಬಾಯಿಗೆ ತುರುಕಿಕೊಂಡಳು. “ಹೇ...ಳೋ ಹಾಗಿಲ್ಲ.”

“ಸರಿ” ಎಂದಳು ಅಮ್ಮ. “ಹೇಳ್ಬೇಡ.” ಅಷ್ಟು ಹೇಳಿ ಮೂಗಿನ ತುದಿಗೆ ಕನ್ನಡಕ ಇಳಿಸಿ, ಗುಂಡಿಯ ಡಬ್ಬಿ ಹುಡುಕಲು ಎದ್ದಳು.

ಭಾನುವಾರ ರೇಡಿಯೋ ಅದೇ ಬಿಳಿ ಫ್ರಾಕು ಹಾಕಿಕೊಂಡು ಚರ್ಚಿಗೆ ಹೋದಳು. ಪ್ರಾರ್ಥನೆಯಾದ ಮೇಲೆ ಮಕ್ಕಳು ಮುಂದಿನ ಬೆಂಚುಗಳಿಗೆ ಬಂದರು. ಅಮ್ಮಂದಿರು ಹಿಂದೆ ಕಾಯುತ್ತ ಕೂತರು.

“ಏನ್ರಪ್ಪಾ, ಹೋಂವರ್ಕ್ ಮಾಡಿದವ್ರೆಲ್ಲ ಕೈ ಎತ್ತಿ ನೋಡೋಣ!” ಎಂದರು ವ್ಯಾನ್ ಅಂಕಲ್. ಅವರ ಮೀಸೆಯೊಳಗೆ ಕಳ್ಳನಗು ಇತ್ತು.

ರೇಡಿಯೋಳ ಬಲಗೈ ಸರಕ್ಕೆಂದು ಮೇಲೆದ್ದಿತು. ಅಷ್ಟರಲ್ಲಿ ಎಡಗೈ ಅದನ್ನು ಹಿಡಿದು ಕೆಳಗೆಳೆಯಿತು. ಎರಡೂ ಕೈ ಮಡಿಲಲ್ಲಿ ಬಂದು ಬಿದ್ದವು.

ಸೂಜಿ ಚುಚ್ಚಿದ ಬೆರಳಿಗೆ ಏನೋ ತಾಗಿತು. ತಗ್ಗಿ ನೋಡಿದಳು. ಕೊನೆಯ ಗುಂಡಿ ಹೊಸದು. ಮೇಲಿನ ಮೂರರಲ್ಲೂ ಅಮ್ಮನ ಎರಡು ನೇರ ಗೆರೆ. ಈ ಒಂದರಲ್ಲಿ ಮಾತ್ರ ಒಂದು ತೂತಿನಿಂದ ಮೂರು ತೂತಿಗೆ ದಾರ ಹೋಗಿತ್ತು.

ರೇಡಿಯೋ ತಿರುಗಿ ಹಿಂದಿನ ಬೆಂಚು ನೋಡಿದಳು. ಅಮ್ಮ ಹಾಡಿನ ಪುಸ್ತಕದಲ್ಲಿ ಏನನ್ನೋ ಬಹಳ ಗಮನವಿಟ್ಟು ಹುಡುಕುತ್ತಿದ್ದಳು.

“ಯಾರೂ ಇಲ್ವಾ?” ಎಂದರು ಅಂಕಲ್. “ನೀನೇನಮ್ಮಾ ರೇಡಿಯೋ?”

ರೇಡಿಯೋ ಗುಂಡಿಯ ಮೇಲೆ ಕೈ ಮುಚ್ಚಿಕೊಂಡು, ತುಟಿ ಬಿಗಿಹಿಡಿದು, ಕಿವಿಯವರೆಗೂ ನಕ್ಕಳು.