ಶಾಲೆ ತಿರುವಿನಲ್ಲಿ ಕೂಗುವ ಡಿಟೆಕ್ಟರ್‌ಗಳು

ಸೋಮವಾರ, ಅಕ್ಟೋಬರ್ 17, 2022. ಬೆಳಿಗ್ಗೆ 9.20ಕ್ಕೆ ಎಲ್ಡನ್ ಸ್ಟೌಟ್ ಎಂಬಾತ ಕೌಂಟಿ ಶೆರಿಫ್ ಕಚೇರಿಗೆ ಬಂದು, ಮೇಜಿನ ಮೇಲೆ ಬೇರೆ ಬೇರೆ ಬೆಲೆಯ ಮೂರು ರೇಡಾರ್ ಡಿಟೆಕ್ಟರ್‌ಗಳನ್ನು ಸಾಲಾಗಿ ಇಟ್ಟು ದೂರು ಕೊಟ್ಟ. ಅವನದು ಕಾರಿನ ಬಿಡಿಭಾಗಗಳ ಅಂಗಡಿ. ವೇಗ ಅಳೆಯುವ ಪೊಲೀಸರ ರೇಡಾರ್ ಗನ್ ಹತ್ತಿರವಿದ್ದರೆ ಚಾಲಕನಿಗೆ ಮೊದಲೇ ಕೂಗಿ ಹೇಳುವ ಪೆಟ್ಟಿಗೆಗಳನ್ನು ಪೊಲೀಸರ ಮುಂದೆಯೇ ಇಟ್ಟು ನ್ಯಾಯ ಕೇಳಲು ಗುಂಡಿಗೆ ಬೇಕು. ಒಹಾಯೊದಲ್ಲಿ ಅವು ಕಾನೂನುಬಾಹಿರವಲ್ಲ ಎನ್ನುವುದು ಬೇರೆ ಮಾತು.

"ಟಿಪ್ಟನ್ ಫೋರ್ಕ್ ಶಾಲೆ ತಿರುವಲ್ಲಿ ಎಲ್ಲಾ ಸುಮ್ಸುಮ್ನೆ ಬಡ್ಕೊಳ್ತಿವೆ ಮೇಡಂ. ಅಲ್ಲಿ ಒಬ್ಬ ಪೊಲೀಸೂ ಇಲ್ಲ. ಮಾಲೇ ಸರಿಯಿಲ್ಲ ಅಂತ ಜನ ವಾಪಸ್ ತಂದು ಮುಖಕ್ಕೆ ಎಸೀತಿದಾರೆ."

"ಯಾವ ಹೊತ್ತಲ್ಲಿ?" ಸಾರ್ಜೆಂಟ್ ಲೊರೆಟಾ ಕೆಸಿಂಜರ್ ಕೇಳಿದಳು.

"ಮಧ್ಯಾಹ್ನ ಎರಡೂವರೆಯಿಂದ ನಾಲ್ಕರ ತನಕ."

"ಭಾನುವಾರ?"

"ಇಲ್ಲ. ಶನಿವಾರಾನೂ ಇಲ್ಲ."

ಲೊರೆಟಾ ದೂರು ದಾಖಲಿಸಿಕೊಂಡು, ರಸೀದಿ ಕೊಟ್ಟು ಮೂರನ್ನೂ ಪಡೆದಳು.

ಮಂಗಳವಾರ ಡೆಪ್ಯುಟಿ ಕೋಡಿ ಮೆಸರ್ ಮೂರನ್ನೂ ಕಾರಿನ ಮುಂಗಾಜಿಗೆ ಅಂಟಿಸಿ, ಲೊರೆಟಾಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಊರೆಲ್ಲ ಸುತ್ತಿಸಿದ. ಅಗ್ಗದ್ದು ಔಷಧಿ ಅಂಗಡಿಯ ತಾನಾಗಿ ತೆರೆಯುವ ಬಾಗಿಲಿಗೂ, ಪಕ್ಕದ ಕಾರಿನ ಸೆನ್ಸರಿಗೂ ಅರಚಿತು. ಮಧ್ಯಮದ್ದು ಕಾರುಗಳನ್ನು ಬಿಟ್ಟು ಬಾಗಿಲಿಗೆ ಮಾತ್ರ ಕೂಗಿತು. ದುಬಾರಿಯದು ಬಾಗಿಲಿನ ಜಾಗವನ್ನೇ ನೆನಪಿಟ್ಟುಕೊಂಡು, ಕೆಲವು ಸುತ್ತುಗಳಾದ ಮೇಲೆ ಸುಮ್ಮನಾಯಿತು. ಸಿಗ್ನಲ್ ಯಾವ ದಿಕ್ಕಿನಿಂದ ಬರುತ್ತಿದೆ ಎಂದು ಬಾಣದ ಗುರುತನ್ನೂ ಅದು ತೋರಿಸುತ್ತಿತ್ತು.

"ಅಗ್ಗದ್ದು ನಮ್ಮತ್ತೆ ಥರ ಸಾರ್ಜೆಂಟ್, ಗಾಳಿಗೂ ಬೈಯುತ್ತೆ," ಎಂದ ಕೋಡಿ. "ದಿನಾ ಓಡಾಡೋನಿಗೆ ಮಧ್ಯದ್ದೇ ಸಾಕು."

2.45ಕ್ಕೆ, ಶಾಲೆ ಬಿಡಲು ಇನ್ನೂ ಹೊತ್ತಿರುವಾಗ, ತಿರುವಿಗೆ ಬಂದರು. ಇಪ್ಪತ್ತು ಮೈಲಿ ವೇಗದಲ್ಲಿ ಹೋದರು, ಮೂರೂ ಮೌನ. ನಲವತ್ತರಲ್ಲಿ ಹೋದರು, ಮೂರೂ ಒಟ್ಟಿಗೆ ಗಂಟಲು ಹರಿದುಕೊಂಡವು. ಮತ್ತೆ ಇಪ್ಪತ್ತು, ಮೌನ. ಮತ್ತೆ ನಲವತ್ತು, ಅರಚಾಟ.

"ಅಂಗಡಿ ಬಾಗಿಲಿನಂಥದ್ದಾಗಿದ್ರೆ ಅದಕ್ಕೆ ನಮ್ಮ ವೇಗ ಹೇಗೆ ಗೊತ್ತಾಗುತ್ತೆ?" ಲೊರೆಟಾ ಕೇಳಿದಳು. "ಯಾರೋ ಕಣ್ಣಲ್ಲಿ ಅಳೆದು, ಜೋರಾಗಿ ಬಂದೋರಿಗೆ ಮಾತ್ರ ರೇಡಾರ್ ಗನ್ ಒತ್ತುತ್ತಿದಾರೆ. ಬಾಣ ಎಲ್ಲಿ ತಿರುಗ್ತು?"

"ಆ ಮುಚ್ಚಿರೋ ಪೆಟ್ರೋಲ್ ಬಂಕ್ ದಾಟಿದ ತಕ್ಷಣ ಹಿಂದಕ್ಕೆ."

ಆ ಬಂಕನ್ನು ಲೊರೆಟಾ ಬಲ್ಲಳು. 1996ರಲ್ಲಿ ಟಿಪ್ಟನ್ ಫೋರ್ಕ್ ಊರಿಗೆ ತನ್ನದೇ ಪೊಲೀಸ್ ಠಾಣೆಯಿದ್ದಾಗ ಅವಳ ನೌಕರಿ ಶುರುವಾದದ್ದು ಅಲ್ಲೇ. ಹಿರಿಯ ಪೇದೆ ವರ್ನನ್ ಗ್ರಬ್ ಅವಳನ್ನು ಆ ಬಂಕಿನ ಬದಿಗೆ ನಿಲ್ಲಿಸಿಕೊಂಡು ಕೆಲಸ ಕಲಿಸಿದ್ದ. ಕೋಲಾ ಬಾಟಲಿಗೆ ಉಪ್ಪು ಹಾಕಿದ ಕಡಲೆಬೀಜ ಸುರಿದು ಕುಡಿಯುವುದನ್ನೂ ಅವನೇ ಕಲಿಸಿದ್ದ. ಆಗ ಡಿಟೆಕ್ಟರ್‌ಗಳು ಬುತ್ತಿಡಬ್ಬಿಯಷ್ಟು ದಪ್ಪ. ಲಾರಿಯವರು ಅವನ್ನು ತೋರಿಸಿ ಕಿಚಾಯಿಸುತ್ತಿದ್ದರು, ವರ್ನನ್ ಟೋಪಿ ಎತ್ತಿ ನಗುತ್ತಿದ್ದ. ಎಂಥ ಚೆಂದದ ದಿನಗಳು ಅವು! ಸಂಬಳ ಸಾಲದಿದ್ದರೂ ಬೆಳಗಾದರೆ ಕೆಲಸಕ್ಕೆ ಓಡಬೇಕೆನಿಸುತ್ತಿತ್ತು. ಕಳೆದ ವರ್ಷ ವಸಂತದಲ್ಲಿ ಊರಿನವರೇ ಮತ ಹಾಕಿ ಆ ಠಾಣೆಯನ್ನು ಮುಚ್ಚಿಸಿದರು.

ಬುಧವಾರ 2.25ಕ್ಕೆ ಲೊರೆಟಾ ಒಬ್ಬಳೇ ಬಂಕಿನ ಬೇಲಿಯಾಚೆ ಕಾರು ನಿಲ್ಲಿಸಿ, ಕಿಟಕಿ ಇಳಿಸಿ ಕೂತಳು. 2.30ಕ್ಕೆ ಸರಿಯಾಗಿ ಒಳಗಿನಿಂದ ಸಣ್ಣದಾಗಿ "ಠಿಂಗ್" ಎಂದು ಲೋಹದ ನಾದ ಬಂತು. ಅವಳ ಕಾರಿನಲ್ಲಿದ್ದ ಡಿಟೆಕ್ಟರ್ ಒಂದು ಕ್ಷಣ ಕೂಗಿ ನಿಂತಿತು.

ಆ ನಾದ ಅವಳಿಗೆ ಗೊತ್ತಿತ್ತು. ಪಾಳಿಯ ಮೊದಲಿಗೂ ಕೊನೆಗೂ ಸ್ವರದ ಕವೆಗೋಲನ್ನು, ಅಂದರೆ ಟ್ಯೂನಿಂಗ್ ಫೋರ್ಕನ್ನು, ಬೂಟಿನ ಹಿಮ್ಮಡಿಗೆ ಬಡಿದು ಗನ್ನಿನ ಮುಂದೆ ಹಿಡಿದು, ಅದು ವೇಗವನ್ನು ಸರಿಯಾಗಿ ತೋರಿಸುತ್ತದೆಯೇ ಎಂದು ಪರೀಕ್ಷಿಸುವುದು ರೇಡಾರ್ ಪೊಲೀಸರ ಪದ್ಧತಿ. ಆಟಕ್ಕೆ ಗನ್ ಹಿಡಿದವರಾರೂ ಹಾಗೆ ಮಾಡುವುದಿಲ್ಲ. ವರ್ನನ್ ಮಾತ್ರ ಒಂದು ದಿನವೂ ತಪ್ಪಿಸಿದವನಲ್ಲ.

ಗುರುವಾರ ಮುಚ್ಚಿದ ಠಾಣೆಯ ಸಾಮಾನುಪಟ್ಟಿ ತೆರೆಸಿದಳು. ರೇಡಾರ್ ಗನ್ ಎರಡು, ಒಪ್ಪಿಸಿದ್ದು ಒಂದು. ಸಂಜೆ 4.10ಕ್ಕೆ ನ್ಯಾಯಾಧೀಶರು ಬಂಕಿನ ಶೋಧನಾ ವಾರಂಟಿಗೆ ಸಹಿ ಹಾಕಿದರು.

"ವರ್ನನ್ ನಿಮ್ಮ ಗುರುಗಳಂತಲ್ಲ," ಎಂದ ಕೋಡಿ. "ನಾನೊಬ್ಬನೇ ಹೋಗಿ ಬರ್ಲಾ?"

"ಬೇಡ. ನನ್ನ ಕೈಯಿಂದಲೇ ಆಗ್ಲಿ."

ಶುಕ್ರವಾರ 3.35ಕ್ಕೆ ಇಬ್ಬರೂ ಬಂಕಿನ ಹಿಂಬಾಗಿಲಿನಿಂದ ಒಳಹೊಕ್ಕರು. ಎಪ್ಪತ್ತೊಂದರ ವರ್ನನ್ ಒಡೆದ ಕಿಟಕಿಯ ಮುಂದೆ ಕುರ್ಚಿ ಹಾಕಿಕೊಂಡಿದ್ದ. ಶರ್ಟಿಗೆ ಇಸ್ತ್ರಿ ಹಾಕಿತ್ತು.

"ಬಾರಮ್ಮ ಲೊರೆಟಾ. ಮಂಗಳವಾರ ಒಂದೇ ಕಾರು ನಾಲ್ಕು ಸಲ ಸುತ್ತಿದಾಗಲೇ ಅಂದ್ಕೊಂಡೆ, ನೀನೇ ಅಂತ."

"ಗನ್ ಎಲ್ಲಿಂದ ಬಂತು?"

"ಠಾಣೆ ಮುಚ್ಚಿದ ದಿನ ನಾನೇ ಎತ್ಕೊಂಡು ಹೋದೆ. ಕದ್ದೆ ಅಂತಲೇ ಬರ್ಕೊ."

"ಯಾಕೆ ವರ್ನ್? ಠಾಣೆ ನೆನಪಿಗಾ?"

"ಹೂಂ, ನೆನಪಿಗೇ. ಒಂದ್ ವರ್ಷದ ಮೇಲೆ ಕಪಾಟಲ್ಲೇ ಇತ್ತು." ಅವನು ಕಿಟಕಿಯಿಂದ ಕಣ್ಣು ತೆಗೆಯಲಿಲ್ಲ. "ಹೋದ ನವೆಂಬರಲ್ಲಿ ರೋಪರ್ ಮನೆ ಮಗು ಇಲ್ಲೇ ಕಾರಿಗೆ ಸಿಕ್ಕಿ ಕಾಲು ಕಳ್ಕೊಂಡ್ತಲ್ಲ, ಆಗ ನಾನು ಮನೇಲಿ ಟೀವಿ ನೋಡ್ತಿದ್ದೆ. ಸೈರನ್ ಕೇಳಿಸ್ತು. ನನ್ನ ಕೆಲಸ ಮುಗೀತಲ್ಲ ಅಂತ ಟೀವಿ ಸೌಂಡ್ ಜಾಸ್ತಿ ಮಾಡ್ದೆ ಕಣಮ್ಮ. ಅದೊಂದು ಮರೆಯೋಕೆ ಆಗ್ತಿಲ್ಲ."

ವರ್ನನ್ ಕಿಟಕಿಯಾಚೆ ರಸ್ತೆಯತ್ತ ಬೆರಳು ತೋರಿದ.

"ಬೋರ್ಡ್ ನೆಟ್ರು, ಹಳದಿ ದೀಪ ಹಾಕಿದ್ರು. ಯಾರು ನೋಡ್ತಾರೆ? ಅದಕ್ಕೇ ಈ ಸಲ ಶಾಲೆ ಶುರುವಾದಾಗ ಗನ್ ಹೊರಗೆ ತೆಗ್ದೆ. ಅದೇ ಆ ಪೆಟ್ಟಿಗೆ ಒಂದ್ಸಲ ಕೂಗ್ಲಿ, ಕಾಲು ತಾನಾಗೇ ಬ್ರೇಕಿಗೆ ಹೋಗುತ್ತೆ. ಒಂದು ಕಾರು ನಿಧಾನ ಆದ್ರೆ ಹಿಂದಿನ ಐದೂ ನಿಧಾನ."

"ನಾನು ಬಂಧಿಸಲೇಬೇಕು, ವರ್ನ್."

"ಬಂಧಿಸದೆ ಬಿಟ್ರೆ ನಾನು ನಿನಗೆ ಕಲಿಸಿದ್ದಾದ್ರೂ ಏನು?" ಎಂದ. "ಈಗ ಬೆಲ್ ಹೊಡೀತಾರೆ. ಮಕ್ಕಳೊಂದು ದಾಟಿಬಿಡ್ಲಿ."

ಲೊರೆಟಾ ಹೊರಗೆ ಹೋಗಿ ರಸ್ತೆಯ ನಡುವೆ ಕೈ ಚಾಚಿ ನಿಂತಳು. ಕೊನೆಯ ಮಗು ದಾಟಿದ ಮೇಲೆ ಒಳಗೆ ಬಂದು ಅವನಿಗೆ ಬಂಧಿತನ ಹಕ್ಕುಗಳನ್ನು ಓದಿ ಹೇಳಿದಳು. ಅಷ್ಟರಲ್ಲಿ ವರ್ನನ್ ಕವೆಗೋಲು ಬಡಿದು ಪಾಳಿಯ ಕೊನೆಯ ಪರೀಕ್ಷೆ ಮುಗಿಸಿದ್ದ. ಅವಳು ಗನ್ನನ್ನೂ ಕವೆಗೋಲನ್ನೂ ಜಪ್ತಿ ಮಾಡಿ ಪಂಚನಾಮೆ ಬರೆದಳು. ಬಂಧನದ ಸಮಯ 3.58. ಅವನ ಕೈಗೆ ಕೋಳ ಹಾಕುವಾಗ ಅವಳಿಗೆ ಅಳು ಬಂತು. ಅದನ್ನು ಅವಳು ಮುಚ್ಚಿಡಲಿಲ್ಲ.

ಸೋಮವಾರ, 24ರಂದು ಆರೋಪಪಟ್ಟಿ ಸಲ್ಲಿಕೆಯಾಯಿತು. ಉದ್ದೇಶವೇನು ಎಂಬ ಅಂಕಣದಲ್ಲಿ ಲೊರೆಟಾ, "ವಾಹನಗಳ ವೇಗ ತಗ್ಗಿಸಲು" ಎಂದಷ್ಟೇ ಬರೆದಳು. ಟೀವಿಯ ಮಾತು ಬರೆಯಲಿಲ್ಲ. 3.15ಕ್ಕೆ ಟೋಪಿ ತೆಗೆದುಕೊಂಡು ಎದ್ದಳು.

"ಎಲ್ಲಿಗೆ ಸಾರ್ಜೆಂಟ್? ಕೇಸ್ ಮುಗೀತಲ್ಲ," ಎಂದ ಕೋಡಿ.

"ಕೇಸ್ ಮುಗೀತು. ಶಾಲೆ ಬಿಡೋ ಹೊತ್ತಾಯ್ತು," ಎಂದು ಅವಳು ಹೊರಟಳು.